ತೊಡೆಮೂಳೆಯ ಮೇಲಿನ ಹೊಟ್ಟೆಕಿಚ್ಚು

ಮೆಡಿಕಲ್ ಮೊದಲ ವರ್ಷದ ಬಿಂದುಶ್ರೀಯ ಹಾಸ್ಟೆಲ್ ರೂಮಿನಲ್ಲಿ ಒಂದು ದಪ್ಪ ಅನಾಟಮಿ ಪುಸ್ತಕ ಹೊಟ್ಟೆ ಉರಿದುಕೊಳ್ಳುತ್ತಿತ್ತು. ಸೀನಿಯರ್ ಅಕ್ಕ ಕೊಟ್ಟುಹೋದ ಹಳೇ ತೊಡೆಮೂಳೆಯನ್ನೇ ಅವಳು ಸದಾ ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದಳು.

“ನಿನ್ನ ಒಂದೊಂದು ಗೀರೂ ನನ್ನೊಳಗೆ ಚಿತ್ರಸಮೇತ ಇದೆ. ಇನ್ನು ನೀನೇಕೆ?” ಎಂದಿತು ಪುಸ್ತಕ.

“ನಿನ್ನ ಚಿತ್ರ ಬಲಗಾಲಿನದು, ನನ್ನದು ಎಡಗಾಲು,” ಎಂದಿತು ಮೂಳೆ.

“ಎಲ್ಲಾ ಕಾಲೂ ಒಂದೇ. ತೊಲಗು!”

ಮೂಳೆ ಮಂಚದಡಿಗೆ ಉರುಳಿತು. ಅದು ಕಾಣದೆ ಬಿಂದುಶ್ರೀ ವಾರವಿಡೀ ಪುಸ್ತಕವನ್ನೇ ಅಪ್ಪಿಕೊಂಡು ಓದಿದಳು. ಪುಸ್ತಕ ಉಬ್ಬಿಹೋಯಿತು.

ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಎಡಗಾಲಿನ ಮೂಳೆ ಕೈಗಿತ್ತರು. ಚಿತ್ರ ನೆನೆದು “ಬಲಗಾಲಿನದು ಸರ್” ಎಂದಳು; ಫೇಲಾದಳು.

ಅಳುತ್ತ ಬಂದು ಚಪ್ಪಲಿ ಬಿಡುವಾಗ ಮಂಚದಡಿಯ ಮೂಳೆ ಕಾಲಿಗೆ ತಗುಲಿತು. ಅದನ್ನು ಎದೆಗವಚಿಕೊಂಡು ಮಲಗಿದಳು. ಪುಸ್ತಕವೂ ಬೇಕಾಯಿತು, ತಲೆದಿಂಬಿಗೆ.