ಹುಸೇನಪ್ಪನ ಕೊನೆಯ ಅಪ್ಪುಗೆ

"ಗುರುಗಳೇ, ಉಸಿರಾಟವೇ ಸರಿಯಿಲ್ಲದವನು ಹಲ್ಲುಜ್ಜುವಂಥ ಸಣ್ಣ ಕೆಲಸಕ್ಕೆ ಯಾಕೆ ಒದ್ದಾಡಬೇಕು?" ಎಂದು ಬಸವಂತ ಕೇಳಿದ. ಮಠದಲ್ಲಿ ದಮ್ಮಿನ ರೋಗಿಗಳ ಆರೈಕೆ ಅವನ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಅವರ ಬಾಯಿ ತೊಳೆಸಿ ತೊಳೆಸಿ ಅವನಿಗೆ ಸಾಕಾಗಿತ್ತು.

ಗುರುಗಳು ಹೇಳಿದರು:

ಹತ್ತಿ ಹಿಂಜುವ ಹುಸೇನಪ್ಪ ಎಂಬವನಿದ್ದ. ನಲವತ್ತು ವರ್ಷ ಹತ್ತಿಯ ಧೂಳು ಕುಡಿದು ಅವನಿಗೆ ಉಬ್ಬಸ ಹತ್ತಿತು. ಹಲ್ಲುಜ್ಜಲು ಬಗ್ಗಿದರೆ ದಮ್ಮು ಕಟ್ಟುತ್ತಿತ್ತು. ಉಜ್ಜುವುದನ್ನೇ ಬಿಟ್ಟ. ಒಸಡಿನಲ್ಲಿ ರಕ್ತ ಒಸರತೊಡಗಿತು, ರೊಟ್ಟಿ ಜಗಿಯುವುದೂ ಕಷ್ಟವಾಯಿತು.

ಕೆಲವು ತಿಂಗಳಲ್ಲಿ ಒಂದು ವಿಚಿತ್ರ ಅವನ ಕಣ್ಣಿಗೆ ಬಿತ್ತು. ಅವನು ಬಾಯಿ ತೆರೆದರೆ ಸಾಕು, ಕಟ್ಟೆಯ ಮೇಲಿದ್ದವರು ಒಂದು ಮೊಳ ಹಿಂದೆ ಸರಿಯುತ್ತಿದ್ದರು. ಹೆಂಡತಿ ಖಾಸಿಂಬಿ ರೊಟ್ಟಿಯ ತಟ್ಟೆಯನ್ನು ದೂರದಿಂದಲೇ ತಳ್ಳುತ್ತಿದ್ದಳು. 'ನಾನು ಸಾಯುತ್ತೇನೆಂದು ಇವರಿಗೆಲ್ಲ ಗೊತ್ತಾಗಿದೆ. ಈಗಿನಿಂದಲೇ ನನ್ನನ್ನು ಬಿಡುತ್ತಿದ್ದಾರೆ' ಎಂದುಕೊಂಡ. ಊಟ ಸೇರದಾಯಿತು. ಮಾತು ನಿಂತಿತು. ಗೋಡೆಗೆ ಮುಖ ಮಾಡಿ ಮಲಗಿದ.

ಒಂದು ದಿನ, ಕೊನೆಯ ಸಲ ನೋಡಿಬಿಡೋಣವೆಂದು, ಎಣ್ಣೆ ಮಾರುವ ಬಾಲ್ಯದ ಗೆಳೆಯ ಸಂಗಣ್ಣನ ಅಂಗಡಿಗೆ ಕೋಲೂರಿಕೊಂಡು ಹೋದ. ಕಣ್ಣು ತುಂಬಿಕೊಂಡು ಅಪ್ಪಿಕೊಳ್ಳಲು ಬಾಗಿದ. ಸಂಗಣ್ಣ ಉಸಿರು ಬಿಗಿಹಿಡಿದು ಹಿಂದಕ್ಕೆ ವಾಲಿದ. ಇನ್ನೂ ವಾಲಿದ. ಕೊನೆಗೆ ಎಣ್ಣೆಯ ಕೊಪ್ಪರಿಗೆಯಲ್ಲಿ ಕುಳಿತ.

"ನನ್ನ ಸಾವಿಗೆ ಇಷ್ಟು ಹೆದರಿದೆಯಾ ಸಂಗಣ್ಣ?"

"ಸಾವಿಗಲ್ಲವೋ ಮಾರಾಯ, ನಿನ್ನ ಬಾಯಿಗೆ!" ಎಂದ ಸಂಗಣ್ಣ ಕೊಪ್ಪರಿಗೆಯೊಳಗಿಂದಲೇ. "ಹೇಳಿದರೆ ನೊಂದುಕೊಳ್ಳುತ್ತೀಯೆಂದು ಊರೆಲ್ಲ ಮೂಗು ಹಿಡಿದುಕೊಂಡು ಸುಮ್ಮನಿದ್ದೇವೆ!"

ಹುಸೇನಪ್ಪನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ನಗು ಬಂತು. ತಿಂಗಳುಗಳಿಂದ ನಕ್ಕಿರಲಿಲ್ಲ, ನಗುತ್ತ ಕೆಮ್ಮಿ, ಕೆಮ್ಮುತ್ತ ನಕ್ಕು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಮರುದಿನ ಬೆಳಿಗ್ಗೆ ಬಗ್ಗದೆ ಮಣೆಯ ಮೇಲೆ ನೆಟ್ಟಗೆ ಕುಳಿತು ಬೇವಿನ ಕಡ್ಡಿ ಹಿಡಿದ. ಎರಡು ಹಲ್ಲು ಉಜ್ಜಿ ದಮ್ಮು ತೆಗೆದುಕೊಳ್ಳುವನು, ಮತ್ತೆರಡು ಉಜ್ಜುವನು. ಪಕ್ಕದಲ್ಲಿ ಖಾಸಿಂಬಿ ಉಪ್ಪುನೀರಿನ ಚೊಂಬು ಹಿಡಿದು, "ಇನ್ನೆಷ್ಟು ಉಳಿದವು?" ಎಂದು ಗೊಣಗುವಳು. ಬಾಯಿ ತೊಳೆದು ಏಳುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ತಿಂಗಳೊಳಗೆ ಒಸಡಿನ ರಕ್ತ ನಿಂತಿತು. ರೊಟ್ಟಿ ಜಗಿಯಲು ಬಂತು. ಅವನು ಮತ್ತೆ ಕಟ್ಟೆಗೆ ಹೋಗತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನ ಉಬ್ಬಸ ವಾಸಿಯಾಯಿತೇ?" ಎಂದ ಬಸವಂತ.

"ಇಲ್ಲ, ಆದರೆ ಅದು ಬಂದಾಗ ಬೆನ್ನು ನೀವುವಷ್ಟು ಹತ್ತಿರದಲ್ಲಿ ಜನ ಕುಳಿತಿರುತ್ತಿದ್ದರು."