ಸಾರಿಸಿದ ಗುಡ್ಡ

ಶಿಷ್ಯ ಚನ್ನಮಲ್ಲ ಕೇಳಿದ:

"ಗುರುಗಳೇ, ತಬ್ಬಲಿಯಾಗಿ ಮಠಕ್ಕೆ ಬಂದ ನನಗೆ ಉಣಿಸಿ ಬೆಳೆಸಿದವಳು ದಾಸೋಹದ ನೀಲವ್ವ. ಮೊನ್ನೆ ಎಲ್ಲರ ಎದುರಿಗೆ ಅವಳಿಗೆ ಶಾಲು ಹೊದಿಸಿ ಕಾಲಿಗೆ ಬಿದ್ದೆ. ಕಣ್ಣು ತುಂಬಿ ಬಂದಿತ್ತು. ಎರಡು ದಿನ ಕಳೆಯುವುದರೊಳಗೆ ಆ ಭಾವವೇ ಇಲ್ಲ. ಉಪಕಾರದ ನೆನಪು ಮನಸ್ಸಿನಲ್ಲಿ ನಿಲ್ಲಬೇಕಾದರೆ ಏನು ಮಾಡಬೇಕು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಒಂದು ಗುಡ್ಡವನ್ನು ಅಗೆದು, ಅದರ ಹೊಟ್ಟೆಯಲ್ಲಿದ್ದ ಅದಿರನ್ನು ಮಾರಿ ಬದುಕಿದ. ಮನೆ ಕಟ್ಟಿದ, ಮಕ್ಕಳ ಮದುವೆ ಮಾಡಿದ, ಬಂದವರಿಗೆ ಅನ್ನ ಹಾಕಿದ. ಮನುಷ್ಯ ಕೆಟ್ಟವನಲ್ಲ. ಅಗೆಯುವ ಮೊದಲೇ ಮೇಲಿನ ಹಸನಾದ ಮಣ್ಣನ್ನು ಕೆರೆಸಿ ಬೇರೆ ರಾಶಿ ಹಾಕಿಸಿದ್ದ. ಅಷ್ಟು ವಿವೇಕ ಅವನಿಗಿತ್ತು.

ಅದಿರು ಮುಗಿಯಿತು. ಬೋಳಾಗಿ ನಿಂತ ಗುಡ್ಡವನ್ನು ನೋಡಿ ಅವನ ಕರುಳು ಚುರುಕ್ ಎಂದಿತು. ಉಂಡ ಮನೆಯ ಋಣ ಇಟ್ಟುಕೊಳ್ಳಬಾರದು ಎಂದುಕೊಂಡ. ಕಲ್ಲು ತುಂಬಿಸಿ ಗುಂಡಿ ಮುಚ್ಚಿಸಿದ. ಅದರ ಮೇಲೆ ರಾಶಿಯ ಮಣ್ಣನ್ನೆಲ್ಲ ಹರಡಿಸಿದ. ಹಾಗೇ ಬಿಟ್ಟರೆ ಮರ್ಯಾದೆಯಲ್ಲ ಎನಿಸಿತು. ಹಬ್ಬಕ್ಕೆ ಅಂಗಳ ಸಾರಿಸುವುದಿಲ್ಲವೇ? ಹಾಗೆಯೇ ಇಡೀ ಇಳಿಜಾರನ್ನು ಬಡಿಸಿ, ತಟ್ಟಿಸಿ, ಸಗಣಿ ನೀರು ಹಾಕಿಸಿ ನುಣ್ಣಗೆ ಮಾಡಿಸಿದ. ಬೀಜ ಎರಚಿಸಿದ. ಒಂದು ಮೂಲೆಯನ್ನು ಸಾರಿಸುವುದು ಬಾಕಿ ಇರುವಾಗ ಕತ್ತಲಾಯಿತು. ಅಲ್ಲಿ ಮಣ್ಣು ಹೊತ್ತ ಎತ್ತುಗಳ ಗೊರಸಿನ ಗುರುತು ಹಾಗೇ ಉಳಿಯಿತು. ಅದೊಂದು ಕೊರತೆ ಅವನ ಕಣ್ಣು ಚುಚ್ಚಿತು. ಆದರೂ ಗುಡ್ಡಕ್ಕೆ ತೆಂಗಿನಕಾಯಿ ಒಡೆದು, ಅಡ್ಡಬಿದ್ದು, ಆನಂದದಿಂದ ಅತ್ತ. ಮನೆಗೆ ಬಂದು ನೆಮ್ಮದಿಯಾಗಿ ಮಲಗಿದ.

ಮಳೆ ಬಂತು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗುಡ್ಡದ ಕೆಳಗಿನ ಒಬ್ಬ ರೈತ ಬಂದು ಬಾಗಿಲಲ್ಲಿ ನಿಂತ.

"ಧಣೀ, ನಿಮ್ಮ ಗುಡ್ಡ ಇಳಿದು ಬಂದು ನಮ್ಮ ಕಟ್ಟೇಲಿ ಕೂತದೆ. ನೀರೆಲ್ಲ ಕೆಂಪು ರಾಡಿ. ದನ ಮೂಸಿ ನೋಡಿ ಹಂಗೇ ವಾಪಸ್ ಬರ್ತಾವೆ. ನಾನು ಅವಕ್ಕೆ ಏನು ಕುಡಿಸ್ಲಿ?"

"ಅಯ್ಯೋ, ಕೈ ಮುಗಿದು ಮಾಡಿದ ಕೆಲಸವಪ್ಪಾ ಅದು!"

"ಮುಗಿದಿರಿ, ಸರಿ. ದನಕ್ಕೆ ಅದು ಗೊತ್ತಾಗಾಕಿಲ್ಲ."

ವ್ಯಾಪಾರಿ ನಾಚಿಕೆಯಿಂದ ಗುಡ್ಡ ಹತ್ತಿದ. ಸಾರಿಸಿದ ಕಡೆಯಲ್ಲೆಲ್ಲ ಕಲ್ಲು ಹಲ್ಲು ಕಿರಿಯುತ್ತಿತ್ತು. ಮಣ್ಣೂ ಇಲ್ಲ, ಬೀಜವೂ ಇಲ್ಲ. ಸಾರಿಸದೆ ಉಳಿದ ಮೂಲೆಗೆ ಬಂದ. ಒಂದೊಂದು ಗೊರಸಿನ ಗುಳಿಯಲ್ಲೂ ಒಂದು ಗುಟುಕು ನೀರು ನಿಂತಿತ್ತು. ನೀರಿನ ಅಂಚಿನಲ್ಲಿ ಹುಲ್ಲು ಮೊಳೆತಿತ್ತು. ಅವನು ಅಲ್ಲೇ ಕುಳಿತುಬಿಟ್ಟ. ತಾನು ಮರ್ಯಾದೆ ಎಂದುಕೊಂಡದ್ದು ನೀರಿಗೆ ಜಾರುದಾರಿಯಾಗಿತ್ತು. ಕೊರತೆ ಎಂದುಕೊಂಡದ್ದೇ ಗುಡ್ಡವನ್ನು ಹಿಡಿದುಕೊಂಡಿತ್ತು.

ಆಮೇಲೆ ಅವನು ಗುಡ್ಡವನ್ನು ಸಾರಿಸಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಸಾಲು ಸಾಲು ಕಾಲುವೆ ತೋಡಿಸಿದ. ಓಡುವ ನೀರು ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳಲಿ ಎಂದು. ಬುಡದಲ್ಲಿ ಒಂದು ದೊಡ್ಡ ಗುಂಡಿ ಮಾಡಿಸಿದ. ರಾಡಿ ಅಲ್ಲಿ ತಳಕ್ಕಿಳಿದು ತಿಳಿನೀರು ಮಾತ್ರ ಕಟ್ಟೆಗೆ ಹೋಗಲಿ ಎಂದು. ಬೇಸಿಗೆಯಲ್ಲಿ ರೈತನ ಕಟ್ಟೆಯ ಹೂಳು ತೆಗೆಸಿ, ಆ ಮಣ್ಣನ್ನು ಮತ್ತೆ ಗುಡ್ಡಕ್ಕೆ ಹೊರಿಸಿದ. ಆಳುಗಳ ಜೊತೆ ತಾನೂ ಒಂದು ಬುಟ್ಟಿ ಹೊತ್ತ. ಮರುವರ್ಷ ಗುಂಡಿ ತುಂಬಿತು. ಮತ್ತೆ ಹೊತ್ತ. ಗುಡ್ಡ ಒಂದೇ ಸಲಕ್ಕೆ ಹಸಿರಾಗಲಿಲ್ಲ. ಮೊದಲು ಹುಲ್ಲು ಬಂತು, ಆಮೇಲೆ ತಂಗಡಿ ಗಿಡ ಬಂತು, ಬಹಳ ಕಾಲದ ಮೇಲೆ ಒಂದು ಹಕ್ಕಿ ಬಂದು ಕೂಗಿತು.

ಒಂದು ಬೆಳಿಗ್ಗೆ ರೈತ ಮಜ್ಜಿಗೆ ತುಂಬಿದ ಚೊಂಬು ಹಿಡಿದು ಗುಡ್ಡ ಹತ್ತಿದ. ಅವನ ಮುಖ ಅರಳಿತ್ತು.

"ದನ ಹೊಟ್ಟೆ ತುಂಬ ನೀರು ಕುಡೀತಾವೆ ಧಣೀ. ನಿಮ್ಮ ಉಪಕಾರ ದೊಡ್ಡದು. ತಲೆ ನೆರೆತರೂ ಬುಟ್ಟಿ ಬಿಟ್ಟಿಲ್ವಲ್ಲ. ಇನ್ನೂ ಎಷ್ಟು ವರ್ಷ ಹೊರ್ತೀರಿ?"

ವ್ಯಾಪಾರಿ ಮಜ್ಜಿಗೆ ಕುಡಿದು, ಚೊಂಬನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದ.

"ಈ ಗುಡ್ಡ ನನ್ನ ಮನೆಯನ್ನು ಎಷ್ಟು ವರ್ಷ ಹೊತ್ತಿತು ಎಂದು ನಾನು ಎಣಿಸಲಿಲ್ಲವಪ್ಪಾ" ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡ.

ಕತೆ ಮುಗಿಯಿತು. ಚನ್ನಮಲ್ಲನ ಕಣ್ಣು ಮತ್ತೆ ತುಂಬಿತ್ತು. ಅವನು ಗುರುಗಳ ಪಾದಕ್ಕೆ ಬಾಗಹೋದ. ಗುರುಗಳು ಕೈ ಅಡ್ಡ ಹಿಡಿದು ತಡೆದರು. ಹಿತ್ತಲಿನಲ್ಲಿ ಬಾವಿಯ ಗಡಗಡೆ ನಿಂತು ನಿಂತು ತಿರುಗುವ ಸದ್ದು ಕೇಳುತ್ತಿತ್ತು.

"ಚನ್ನಮಲ್ಲಾ, ಇವತ್ತು ನೀಲವ್ವನ ಕೊಡ ಹೊರುವವರು ಯಾರು?"