ಪಂಕ್ತಿಯಲ್ಲಿ ಏಳು ಲಕ್ಷದ ವಾಚು

ಕಂಟ್ರಾಕ್ಟರ್ ಪುಟ್ಟಮಾದಪ್ಪನವರು ಏಳು ಲಕ್ಷ ಕೊಟ್ಟು ಒಂದು ವಾಚು ತಗೊಂಡರು. ಅದನ್ನು ಕಟ್ಟಿಕೊಂಡು ಅಣ್ಣನ ಮಗಳ ಮದುವೆಗೆ ಬಂದು ಊಟಕ್ಕೆ ಕೂತರು. ಎಲೆಗೆ ಉಪ್ಪು, ಉಪ್ಪಿನಕಾಯಿ ಬಿದ್ದಿತ್ತು. ಬಲಗೈ ಎಲೆಯ ಹತ್ತಿರ, ವಾಚಿದ್ದ ಎಡಗೈ ತೊಡೆಯ ಮೇಲೆ. ವಾಚು ಯಾರ ಕಣ್ಣಿಗೂ ಬೀಳಲಿಲ್ಲ.

ಬಡಿಸುವವನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ನೋಡಯ್ಯ, ಈ ವಾಚು ಇಡೀ ಪಂಕ್ತಿಗೆ ಕಾಣಬೇಕು. ಏನು ಮಾಡ್ತೀಯೋ ಗೊತ್ತಿಲ್ಲ. ಕಾಣದಿದ್ರೆ ನಾಳೆ ಬೀಗರೂಟಕ್ಕೆ ಬಡಿಸೋಕೆ ನೀನು ಬರಬೇಡ."

"ಅಷ್ಟೇ ತಾನೆ ಬುದ್ಧಿ," ಅಂದ ಅವನು. "ನಾನು ಏನೇ ತಂದ್ರೂ ಎಡಗೈ ಎಲೆಗೆ ಅಡ್ಡ ಹಿಡಿದು ಸಾಕು ಸಾಕು ಅನ್ನಿ. ಮಿಕ್ಕಿದ್ದು ನನಗೆ ಬಿಡಿ."

ಕೋಸಂಬರಿ ಬಂತು. ಪುಟ್ಟಮಾದಪ್ಪನವರು ಕೈ ಅಡ್ಡ ಹಿಡಿದರು. "ಯಜಮಾನರು ಬೇಡ ಅಂತಿದಾರೆ," ಎಂದು ಅವನು ಕೂಗಿದ. ಪಂಕ್ತಿಯೆಲ್ಲ ತಿರುಗಿ ನೋಡಿತು. ಯಜಮಾನರು ಉಬ್ಬಿಹೋದರು. ಪಲ್ಯ ಬಂತು, ಕೈ ಅಡ್ಡ. ಅನ್ನ ಬಂತು, ಕೈ ಅಡ್ಡ. ತುಪ್ಪ ಸುರಿಯುತ್ತಿದ್ದ ಬಿಸಿ ಹೋಳಿಗೆ ಬಂದಾಗ ಮಾತ್ರ ಆ ಕೈ ಅರ್ಧದಲ್ಲೇ ನಿಂತಿತು. ಆದರೆ ಎಲ್ಲರೂ ನೋಡುತ್ತಿದ್ದರು. ಜೊಲ್ಲು ನುಂಗಿಕೊಂಡು "ಸಾಕು" ಅಂದರು.

ಪಕ್ಕದವರು ಮೂರನೇ ಹೋಳಿಗೆ ಮುಗಿಸಿದಾಗಲೂ ಇವರ ಎಲೆಯಲ್ಲಿದ್ದದ್ದು ಉಪ್ಪು, ಉಪ್ಪಿನಕಾಯಿ ಮಾತ್ರ. ಬಡಿಸುವವನನ್ನು ಗುರಾಯಿಸಿದರು. "ಎಲ್ಲರಿಗೂ ಕಂಡಿತಲ್ಲ ಬುದ್ಧಿ, ನಾಳೆ ಬರ್ಲಾ?" ಅಂದ ಅವನು.

ಎದುರು ಸಾಲಿನ ಅಜ್ಜಿ ಪಕ್ಕದವಳಿಗೆ ಹೇಳಿದಳು: "ಪಾಪ ಕಣೇ, ಸಕ್ಕರೆ ಕಾಯಿಲೆ ಇರಬೇಕು. ಮಾತ್ರೆ ನುಂಗೋ ಟೈಮು ಮರೀಬಾರ್ದು ಅಂತ ಡಾಕ್ಟ್ರು ಎಷ್ಟು ದೊಡ್ಡ ವಾಚು ಕಟ್ಟಿಸಿದಾರೆ ನೋಡು."